ಗಾಮಾ ಪೈಲ್ವಾನ: ಕಣದಲ್ಲಿ ಗೆದ್ದದ್ದು, ಕಾಗದದಲ್ಲಿ ಉಳಿದದ್ದು



ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಊರುಗಳಲ್ಲಿ ಜಾತ್ರೆ ಇರಲಿ, ಉರುಸು ಇರಲಿ, ಕುಸ್ತಿ ಇಲ್ಲದಿದ್ದರೆ ಹಿರಿಯರಿಗೆ ಸಮಾಧಾನವಿರುವುದಿಲ್ಲ. ಕರಿಮಣ್ಣಿನ ಊರಿಗೆ ಕೆಮ್ಮಣ್ಣು ತರಿಸಿ ಕಣ ಮಾಡುತ್ತಾರೆ. ಮೊದಲು ಚಿಕ್ಕ ಹುಡುಗರ ಜೋಡಿ ಬಿಡುತ್ತಾರೆ, ಗೆದ್ದವನ ಕೈಗೆ ಒಂದು ತೆಂಗಿನಕಾಯಿ ಬರುತ್ತದೆ. ಹೊತ್ತು ಇಳಿದಂತೆ ದೊಡ್ಡವರು ಕಣಕ್ಕೆ ಇಳಿಯುತ್ತಾರೆ, ಹಲಗೆಯ ಸಪ್ಪಳ ಜೋರಾಗುತ್ತದೆ. ಕೊನೆಯದು ಬೆಳ್ಳಿ ಕಡಗದ ನಿಕಾಲಿ ಕುಸ್ತಿ. ಅಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೆ ನಿಲ್ಲದ ಕುಸ್ತಿ. ಆ ಕಣದ ಸುತ್ತ ಕುಳಿತ ಮುದುಕರ ಬಾಯಲ್ಲಿ ಇವತ್ತಿಗೂ ಬರುವ ಒಂದು ಹೆಸರು ಗಾಮಾ ಪೈಲ್ವಾನರದು. ಎದೆ ಉಬ್ಬಿಸಿ ನಡೆಯುವ ಹುಡುಗನನ್ನು ಗಾಮಾನಿಗೆ ಹೋಲಿಸಿ ಕೆಣಕುವುದು ಹಳೆಯ ರೂಢಿ. ಆದರೆ ಆ ಗಾಮಾ ಯಾರು, ಎಲ್ಲಿಯವರು, ಏನು ಮಾಡಿದರು ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ತಲೆ ಕೆರೆದುಕೊಳ್ಳುತ್ತೇವೆ. ಈ ಸಂಚಿಕೆಯಲ್ಲಿ ಅವರ ಜೀವನವನ್ನು ತಿಳಿಯೋಣ. ಜೊತೆಗೆ ಆ ಜೀವನವನ್ನು ಜನ ಹೇಗೆ ಹೇಳಿದರು, ಹೇಗೆ ಬರೆದರು, ಅದರಲ್ಲಿ ನಾವು ಎಷ್ಟನ್ನು ನಂಬಬೇಕು ಎಂಬುದನ್ನೂ ನೋಡೋಣ.

ತಂದೆಯಿಲ್ಲದ ಹುಡುಗ

ಗಾಮಾ ಅವರ ಪೂರ್ಣ ಹೆಸರು ಗುಲಾಮ್ ಮುಹಮ್ಮದ್ ಬಖ್ಷ್. ಹುಟ್ಟಿದ್ದು 1878ರಲ್ಲಿ ಎಂದು ಬಹುತೇಕ ಪುಸ್ತಕಗಳು ಹೇಳುತ್ತವೆ. ಊರಿನ ವಿಷಯದಲ್ಲಿ ಒಮ್ಮತವಿಲ್ಲ. ಕೆಲವರು ಪಂಜಾಬಿನ ಅಮೃತಸರದ ಕಡೆಯ ಹಳ್ಳಿ ಎನ್ನುತ್ತಾರೆ, ಕೆಲವರು ಈಗಿನ ಮಧ್ಯಪ್ರದೇಶದಲ್ಲಿರುವ ದತಿಯಾ ಎನ್ನುತ್ತಾರೆ. ಮನೆತನ ಮಾತ್ರ ಕಾಶ್ಮೀರದಿಂದ ಪಂಜಾಬಿಗೆ ಬಂದು ನೆಲೆಸಿದ ಪೈಲ್ವಾನರದು. ತಂದೆ ಅಜೀಜ್ ಬಖ್ಷ್ ದತಿಯಾ ಸಂಸ್ಥಾನದ ಆಶ್ರಯದಲ್ಲಿದ್ದ ಹೆಸರಾಂತ ಕುಸ್ತಿಪಟು.

ಗಾಮಾ ಇನ್ನೂ ಆರೇಳು ವರ್ಷದ ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯ ತಂದೆ ನೂನ್ ಪೈಲ್ವಾನ್ ಮೊಮ್ಮಕ್ಕಳನ್ನು ಸಾಕತೊಡಗಿದರು. ಕೆಲ ಕಾಲದಲ್ಲಿ ಅವರೂ ಹೋದರು. ಆಮೇಲೆ ಸೋದರಮಾವ ಈದಾ ಪೈಲ್ವಾನ್ ಗಾಮಾ ಮತ್ತು ಅವರ ತಮ್ಮ ಇಮಾಮ್ ಬಖ್ಷರ ಹೊಣೆ ಹೊತ್ತರು. ತೀರಿಹೋದ ತಂದೆಯ ಹೆಸರು ಉಳಿಯಬೇಕು, ಮಗ ದೊಡ್ಡ ಪೈಲ್ವಾನನಾಗಬೇಕು ಎಂಬುದು ಆ ಮನೆಯ ಹಂಬಲ. ತಾಲೀಮು ಖಾನೆಯಲ್ಲಿ ಉಸ್ತಾದನಾದ ಮಾವನ ಕೈಕೆಳಗೆ ಹುಡುಗ ಬೆಳಗ್ಗೆ ಎದ್ದು ಸಾಮು ತೆಗೆಯತೊಡಗಿದ.

1888ರಲ್ಲಿ ಜೋಧಪುರದ ಮಹಾರಾಜರು ಒಂದು ಸ್ಪರ್ಧೆ ಏರ್ಪಡಿಸಿದರು. ಅದು ಕುಸ್ತಿಯಲ್ಲ, ಬಸ್ಕಿ ಹೊಡೆಯುವ ಪಂದ್ಯ. ದೇಶದ ಮೂಲೆಮೂಲೆಗಳಿಂದ ನಾನೂರಕ್ಕೂ ಹೆಚ್ಚು ಪೈಲ್ವಾನರು ಬಂದಿದ್ದರು. ದಣಿದವರು ಒಬ್ಬೊಬ್ಬರಾಗಿ ಕುಳಿತರು. ಕಡೆಗೆ ಹದಿನೈದು ಜನ ಉಳಿದಾಗ ಅವರಲ್ಲಿ ಒಬ್ಬ ಹತ್ತು ವರ್ಷದ ಗಾಮಾ. ಅವನ ವಯಸ್ಸು ನೋಡಿ ಮಹಾರಾಜರು ಅವನನ್ನೇ ಗೆದ್ದವನೆಂದು ಸಾರಿದರು. ಆ ಹುಡುಗ ಆಮೇಲೆ ಹಲವು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲವಂತೆ. ಅವನ ಹೆಸರು ಮೊದಲ ಸಲ ಊರಾಚೆ ಹೋದದ್ದು ಹೀಗೆ. ಮುಂದೆ ದತಿಯಾದ ರಾಜರು ಅವನನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು.

ಇಲ್ಲಿ ಒಂದು ಮಾತು ತಿಳಿದಿರಬೇಕು. ಆ ಕಾಲದಲ್ಲಿ ಪೈಲ್ವಾನನಿಗೆ ಸಂಬಳ ಕೊಡುವ ಕ್ರೀಡಾ ಇಲಾಖೆ ಇರಲಿಲ್ಲ, ರೈಲ್ವೆ ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾ ಇರಲಿಲ್ಲ. ಅವನ ಹಾಲು, ತುಪ್ಪ, ಬಾದಾಮಿ, ಮಾಂಸದ ಖರ್ಚನ್ನು ಯಾವುದಾದರೂ ಸಂಸ್ಥಾನದ ರಾಜನೋ ನವಾಬನೋ ಹೊರಬೇಕಿತ್ತು. ರಾಜನ ಕೃಪೆ ಇದ್ದಷ್ಟು ದಿನ ಪೈಲ್ವಾನನ ಬದುಕು. ಗಾಮಾ ಅವರ ಮುಪ್ಪಿನ ಕಷ್ಟಕ್ಕೆ ಬೇರು ಇಲ್ಲೇ ಇದೆ.

ರಹೀಂ ಬಖ್ಷರ ಎದುರು

ಹದಿಹರೆಯ ದಾಟುವ ಹೊತ್ತಿಗೆ ಗಾಮಾ ದೊಡ್ಡ ದೊಡ್ಡ ಪೈಲ್ವಾನರನ್ನು ಚಿತ್ ಮಾಡತೊಡಗಿದ್ದರು. ಆಗ ಹಿಂದೂಸ್ತಾನದ ಅಗ್ರ ಪೈಲ್ವಾನ ಗುಜ್ರಾನ್‌ವಾಲಾದ ರಹೀಂ ಬಖ್ಷ್ ಸುಲ್ತಾನಿವಾಲಾ. ಅವರ ಎತ್ತರ ಏಳು ಅಡಿಯ ಹತ್ತಿರ ಎಂದು ಹೇಳುತ್ತಾರೆ. ಗಾಮಾ ಅವರದು ಐದು ಅಡಿ ಏಳೆಂಟು ಅಂಗುಲ. ನಮ್ಮ ಕಾಲೇಜಿನಲ್ಲಿ ಸಾಲಾಗಿ ನಿಲ್ಲಿಸಿದರೆ ಅವರಿಗಿಂತ ಎತ್ತರದ ಹುಡುಗರು ಎಷ್ಟೋ ಜನ ಸಿಗುತ್ತಾರೆ.

1895ರಲ್ಲಿ ಇಬ್ಬರೂ ಮೊದಲ ಸಲ ಎದುರಾದರು. ಗಾಮಾ ಅವರಿಗೆ ಹದಿನೇಳು, ರಹೀಂ ಬಖ್ಷರಿಗೆ ನಡುವಯಸ್ಸು. ಕುಸ್ತಿ ಗಂಟೆಗಟ್ಟಲೆ ನಡೆಯಿತು. ಗಾಮಾ ಅವರ ಮೂಗು ಕಿವಿಗಳಿಂದ ರಕ್ತ ಬಂತು, ಆದರೆ ಬೆನ್ನು ಮಣ್ಣಿಗೆ ತಾಗಲಿಲ್ಲ. ಕುಸ್ತಿ ಸಮವಾಯಿತು. ಸೋಲದೆ ಉಳಿದದ್ದೇ ಆ ಹುಡುಗನಿಗೆ ಗೆದ್ದಷ್ಟು ಕೀರ್ತಿ ತಂದಿತು. ಮುಂದಿನ ಹದಿನೈದು ವರ್ಷಗಳಲ್ಲಿ ಅವರು ದೇಶದ ಹೆಸರಾಂತ ಪೈಲ್ವಾನರನ್ನೆಲ್ಲ ಸೋಲಿಸಿದರು. ಬಾಕಿ ಉಳಿದದ್ದು ರಹೀಂ ಬಖ್ಷ್ ಒಬ್ಬರೇ.

ಲಂಡನ್, 1910

1910ರಲ್ಲಿ ಗಾಮಾ, ಇಮಾಮ್ ಬಖ್ಷ್ ಮತ್ತು ಇನ್ನಿಬ್ಬರು ಪೈಲ್ವಾನರು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಬೆಂಜಮಿನ್ ಎಂಬ ಇಂಗ್ಲಿಷ್ ವ್ಯವಸ್ಥಾಪಕ ಕರೆದೊಯ್ದದ್ದು. ಹಣ ಕೊಟ್ಟವರು ಬಂಗಾಳದ ಒಬ್ಬ ಸಿರಿವಂತರು. ಬಂಗಾಳ ವಿಭಜನೆಯಾಗಿ ಐದು ವರ್ಷವಾಗಿತ್ತು, ಸ್ವದೇಶಿ ಚಳವಳಿಯ ಕಾವು ಇತ್ತು. ಭಾರತೀಯರು ಮೈಯಲ್ಲಿ ಬಲವಿಲ್ಲದವರು, ಅದಕ್ಕೇ ಆಳಿಸಿಕೊಳ್ಳುತ್ತಾರೆ ಎಂಬ ಮಾತನ್ನು ಬಿಳಿಯರು ಆಡುತ್ತಿದ್ದ ಕಾಲ ಅದು. ಆ ಮಾತಿಗೆ ಕಣದಲ್ಲೇ ಜವಾಬು ಕೊಡಬೇಕು ಎಂಬ ಆಸೆ ಓದಿದ ಭಾರತೀಯರಲ್ಲಿತ್ತು.

ಲಂಡನ್ನಿನಲ್ಲಿ ಮೊದಲು ಸಿಕ್ಕಿದ್ದು ಅವಮಾನ. ಗಾಮಾ ಗಿಡ್ಡ ಎಂದು ದೊಡ್ಡ ಪಂದ್ಯಗಳಿಗೆ ಸೇರಿಸಿಕೊಳ್ಳಲಿಲ್ಲ. ಆಗ ಅವರ ಪರವಾಗಿ ಒಂದು ಸವಾಲು ಹೊರಟಿತು: ಯಾವುದೇ ತೂಕದ ಮೂವರು ಪೈಲ್ವಾನರು ಬರಲಿ, ಮೂವತ್ತು ನಿಮಿಷದೊಳಗೆ ಮೂವರನ್ನೂ ಬೀಳಿಸುತ್ತೇನೆ ಎಂಬುದು ಅದರ ಸಾರ. ಬಹಳ ದಿನ ಯಾರೂ ಬರಲಿಲ್ಲ. ಇದು ಜನ ಸೇರಿಸುವ ನಾಟಕ ಎಂದೇ ಹಲವರು ತಿಳಿದರು.

ಕಡೆಗೆ ಬಂದವರು ಅಮೆರಿಕದ ಬೆಂಜಮಿನ್ ರೋಲರ್. ಅವರು ವೈದ್ಯರೂ ಹೌದು, ಕುಸ್ತಿಪಟುವೂ ಹೌದು. ಆಗಸ್ಟ್ ತಿಂಗಳಲ್ಲಿ ಅಲ್‌ಹಂಬ್ರಾ ನಾಟಕ ಮಂದಿರದಲ್ಲಿ ಕುಸ್ತಿ ನಡೆಯಿತು. ಗಾಮಾ ಮೊದಲ ಸಲ 1 ನಿಮಿಷ 40 ಸೆಕೆಂಡಿನಲ್ಲಿ, ಎರಡನೆಯ ಸಲ 9 ನಿಮಿಷ 10 ಸೆಕೆಂಡಿನಲ್ಲಿ ರೋಲರರನ್ನು ಚಿತ್ ಮಾಡಿದರು. ತಮ್ಮ ಇಮಾಮ್ ಬಖ್ಷ್ ಸ್ವಿಟ್ಜರ್ಲೆಂಡಿನ ಜಾನ್ ಲೆಮ್‌ರನ್ನು ಕೆಲವೇ ನಿಮಿಷಗಳಲ್ಲಿ ಸೋಲಿಸಿದರು. ನಾಟಕ ಎಂದುಕೊಂಡವರು ಎದ್ದು ಕುಳಿತರು.

ಆಮೇಲೆ ನಡೆದದ್ದು ಗಾಮಾ ಅವರ ಜೀವನದ ಅತಿ ಹೆಸರಾದ ಕುಸ್ತಿ. 1910ರ ಸೆಪ್ಟೆಂಬರ್ 10ರಂದು, ಎರಡು ವರ್ಷ ಹಿಂದೆ ಒಲಿಂಪಿಕ್ಸ್ ನಡೆದಿದ್ದ ಲಂಡನ್ನಿನ ಕ್ರೀಡಾಂಗಣದಲ್ಲಿ, ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಅವರ ಎದುರಾಗಿ ನಿಂತರು. ಗೆದ್ದವರಿಗೆ 250 ಪೌಂಡ್ ಹಣ ಮತ್ತು ಜಾನ್ ಬುಲ್ ಎಂಬ ವಾರಪತ್ರಿಕೆಯ ಹೆಸರಿನ ಪಟ್ಟಿ. ಗಾಮಾ ಅವರ ತೂಕ ಸುಮಾರು 90 ಕೆ.ಜಿ., ಜಿಬಿಸ್ಕೊ ಅವರದು ಅದಕ್ಕಿಂತ 20 ಕೆ.ಜಿ.ಗೂ ಹೆಚ್ಚು.

ಮೊದಲ ನಿಮಿಷದಲ್ಲೇ ಗಾಮಾ ಎದುರಾಳಿಯನ್ನು ಕೆಳಗೆ ಕೆಡವಿದರು. ಆದರೆ ಕೆಡವಿದರೆ ಸಾಲದು, ಬೆನ್ನು ನೆಲಕ್ಕೆ ಹಚ್ಚಬೇಕು. ಜಿಬಿಸ್ಕೊ ಅಂಗಾತವಾಗದೆ ಕೈಕಾಲು ಊರಿ, ಹೊಟ್ಟೆಯನ್ನು ಚಾಪೆಗೆ ಅಂಟಿಸಿ, ಆಮೆಯ ಹಾಗೆ ಮುದುಡಿಕೊಂಡರು. ಅಷ್ಟು ತೂಕದ ಆಳನ್ನು ಮಗುಚಲು ಗಾಮಾ ಎಷ್ಟು ಪಟ್ಟು ಹಾಕಿದರೂ ಆಗಲಿಲ್ಲ. ಎರಡೂವರೆ ಗಂಟೆಗೂ ಮೀರಿ ಹೀಗೇ ನಡೆಯಿತು. ನೋಡುವವರಿಗೆ ಬೇಸರ ಬಂತು. ಕತ್ತಲಾಗುತ್ತ ಬಂದಾಗ ಕುಸ್ತಿ ಸಮ ಎಂದು ನಿಲ್ಲಿಸಿ, ವಾರದ ಮೇಲೆ ಮತ್ತೆ ಹಿಡಿಯಬೇಕೆಂದು ತೀರ್ಮಾನವಾಯಿತು. ಗೊತ್ತುಮಾಡಿದ ದಿನ ಗಾಮಾ ಬಂದರು, ಜಿಬಿಸ್ಕೊ ಬರಲಿಲ್ಲ. ಪಟ್ಟಿ ಗಾಮಾ ಅವರಿಗೆ ಸಂದಿತು.

ಈ ಗೆಲುವನ್ನು ಸರಿಯಾಗಿ ತೂಗಬೇಕು. ಇವತ್ತಿನ ಹಾಗೆ ಆಗ ಜಗತ್ತಿನ ಕುಸ್ತಿಗೆಲ್ಲ ಒಂದೇ ಸಂಸ್ಥೆ ಇರಲಿಲ್ಲ. ಅಮೆರಿಕದವರು ತಮ್ಮ ಫ್ರಾಂಕ್ ಗಾಚ್ ಅವರನ್ನೇ ವಿಶ್ವ ಚಾಂಪಿಯನ್ ಎನ್ನುತ್ತಿದ್ದರು. ಗಾಮಾ ಅವರಿಗೆ ಗಾಚ್ ಎದುರಾಗಲಿಲ್ಲ, ರಷ್ಯಾದ ಸಿಂಹ ಎಂದು ಹೆಸರಾಗಿದ್ದ ಜಾರ್ಜ್ ಹ್ಯಾಕನ್‌ಶ್ಮಿಟ್ ಅವರೂ ಎದುರಾಗಲಿಲ್ಲ. ಇದು ಗಾಮಾ ಅವರ ತಪ್ಪಲ್ಲ, ಅವರು ಕರೆದಿದ್ದರು. ನಮ್ಮ ದೇಶದ ಜನ ಮಾತ್ರ ಅವರಿಗೆ ರುಸ್ತುಮ್-ಎ-ಜಮಾನಾ, ಅಂದರೆ ಈ ಯುಗದ ರುಸ್ತುಮ್ ಎಂಬ ಬಿರುದು ಕೊಟ್ಟರು. ರುಸ್ತುಮ್ ಎಂದರೆ ಫಿರ್ದೌಸಿ ಮಹಾಕವಿಯ ಶಾಹನಾಮೆಯ ವೀರ. ನಮ್ಮಲ್ಲಿ ಬಲವಂತನನ್ನು ಭೀಮ ಎಂದು ಕರೆದ ಹಾಗೆ.

ಮರಳಿ ಬಂದ ಮೇಲೆ ಅಲಹಾಬಾದಿನಲ್ಲಿ ರಹೀಂ ಬಖ್ಷರ ಜೊತೆ ಮತ್ತೆ ಕುಸ್ತಿಯಾಯಿತು. ಈ ಸಲ ಗಾಮಾ ಗೆದ್ದರು, ರುಸ್ತುಮ್-ಎ-ಹಿಂದ್ ಆದರು. ತಾನು ಎದುರಿಸಿದ ಪೈಲ್ವಾನರಲ್ಲಿ ಅತಿ ಬಲಶಾಲಿ ಯಾರೆಂದು ಕೇಳಿದಾಗಲೆಲ್ಲ ಅವರು ಯುರೋಪಿನವರ ಹೆಸರು ಹೇಳದೆ ರಹೀಂ ಬಖ್ಷರ ಹೆಸರನ್ನೇ ಹೇಳುತ್ತಿದ್ದರು ಎಂದು ಅವರ ಜೀವನ ಬರೆದವರು ತಿಳಿಸುತ್ತಾರೆ.

ಹದಿನೆಂಟು ವರ್ಷದ ಬಾಕಿ

ಜಿಬಿಸ್ಕೊ ಜೊತೆಗಿನ ಲೆಕ್ಕ ಮುಗಿದಿರಲಿಲ್ಲ. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಗಾಮಾ ಅವರಿಗೆ ಆಶ್ರಯ ಕೊಟ್ಟಿದ್ದರು. ಅವರೇ ಖರ್ಚು ಹಾಕಿ ಜಿಬಿಸ್ಕೊರನ್ನು ಭಾರತಕ್ಕೆ ಕರೆಸಿದರು. 1928ರ ಜನವರಿಯಲ್ಲಿ ಪಟಿಯಾಲದಲ್ಲಿ ಸಾವಿರಾರು ಜನರ ಮುಂದೆ ಇಬ್ಬರೂ ಎದುರಾದರು. ಇಬ್ಬರಿಗೂ ಐವತ್ತರ ಆಸುಪಾಸಿನ ವಯಸ್ಸು. ಈ ಸಲ ಲಂಡನ್ನಿನ ಚಾಪೆಯಿಲ್ಲ, ಕಣದ ಮಣ್ಣು. ಒಂದು ನಿಮಿಷ ತುಂಬುವುದರೊಳಗೆ ಜಿಬಿಸ್ಕೊ ಅವರ ಬೆನ್ನು ಮಣ್ಣಿಗೆ ತಾಗಿತು. ಲಂಡನ್ನಿನಲ್ಲಿ ಎರಡೂವರೆ ಗಂಟೆಯಲ್ಲಿ ಆಗದ್ದು ಪಟಿಯಾಲದಲ್ಲಿ ನಿಮಿಷದೊಳಗೆ ಆಯಿತು. ಸೋತ ಜಿಬಿಸ್ಕೊ ಗೆದ್ದವರ ಬಲವನ್ನು ಮನಸಾರೆ ಮೆಚ್ಚಿದರು. ಮರುವರ್ಷ ಪೀಟರ್ಸನ್ ಎಂಬ ಯುರೋಪಿನ ಪೈಲ್ವಾನರನ್ನೂ ಗಾಮಾ ಎರಡು ನಿಮಿಷದೊಳಗೆ ಸೋಲಿಸಿದರು. ಆಮೇಲೆ ಅವರಿಗೆ ಸಮನಾದ ಜೋಡಿ ಸಿಗುವುದೇ ಕಷ್ಟವಾಯಿತು.

ಟಿವಿಯಲ್ಲಿ, ಮೊಬೈಲಿನಲ್ಲಿ ಅಮೆರಿಕದ ಕುಸ್ತಿ ನೋಡುವ ಮಿತ್ರರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಹಣಕ್ಕಾಗಿ ಆಡಿಸುವ ಆ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ನಿಶ್ಚಯವಾಗಿರುತ್ತದೆ. ಇದು ಹೊಸತಲ್ಲ, ನೂರು ವರ್ಷದ ಹಿಂದೆಯೇ ಬಂದದ್ದು. 1925ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಇದೇ ಜಿಬಿಸ್ಕೊ ಅವರು ವೇಯ್ನ್ ಮನ್ ಎಂಬ ಫುಟ್‌ಬಾಲ್ ಆಟಗಾರನಿಗೆ ಸೋಲಬೇಕೆಂದು ಏರ್ಪಾಡಾಗಿತ್ತು. ಮನ್‌ಗೆ ಕುಸ್ತಿ ಬರುತ್ತಿರಲಿಲ್ಲ, ಎತ್ತರದ ಆಳೆಂದು ಚಾಂಪಿಯನ್ ಮಾಡಿ ನಿಲ್ಲಿಸಿದ್ದರು. ಜಿಬಿಸ್ಕೊ ಏರ್ಪಾಡು ಮುರಿದು, ಮನ್‌ರನ್ನು ಮತ್ತೆ ಮತ್ತೆ ಚಿತ್ ಮಾಡಿದರು. ಪಟಿಯಾಲಕ್ಕೆ ಬಂದು ಗಾಮಾ ಕೈಯಲ್ಲಿ ಸೋತವರು ಇಂಥ ಪಳಗಿದ ಕುಸ್ತಿಪಟು ಎಂದು ತಿಳಿದರೆ ಗಾಮಾ ಅವರ ಗೆಲುವಿನ ಬೆಲೆ ಗೊತ್ತಾಗುತ್ತದೆ.

ತಮ್ಮ ಕಥೆ ತಾವೇ ಬರೆದವರು

ಈಗ ಕಾಗದದ ಮಾತಿಗೆ ಬರೋಣ. ಗಾಮಾ ಅವರ ಕಾಲದ ಯುರೋಪಿನ ಪೈಲ್ವಾನರು ಕುಸ್ತಿಯ ಜೊತೆಗೆ ಲೇಖನಿಯನ್ನೂ ಹಿಡಿದರು. ಇವರಲ್ಲಿ ಮುಖ್ಯರು ಈಗಿನ ಎಸ್ಟೋನಿಯಾದಲ್ಲಿ 1877ರಲ್ಲಿ ಹುಟ್ಟಿದ ಹ್ಯಾಕನ್‌ಶ್ಮಿಟ್. 1908ರಲ್ಲಿ ಅವರು ಆರೋಗ್ಯದಿಂದ ಬದುಕುವ ದಾರಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. ಅದರ ಒಂದು ಭಾಗದಲ್ಲಿ ವ್ಯಾಯಾಮ, ಊಟ, ನಿದ್ದೆಯ ಪಾಠವಿದ್ದರೆ ಇನ್ನೊಂದು ಭಾಗದಲ್ಲಿ ಅವರ ಸ್ವಂತ ಜೀವನ ಮತ್ತು ಕುಸ್ತಿಗಳ ಕಥೆಯಿದೆ. ಆ ವರ್ಷವೇ ಅವರು ಶಿಕಾಗೋದಲ್ಲಿ ಗಾಚ್‌ಗೆ ಸೋತಿದ್ದರು. ಕುಸ್ತಿಯಲ್ಲಿ ಸೋತರೂ ಪುಸ್ತಕ ಗೆದ್ದಿತು. ಹಲವು ಸಲ ಮುದ್ರಣವಾಯಿತು. ಮೈ ಬೆಳೆಸಬೇಕೆನ್ನುವ ಹುಡುಗರು ದಶಕಗಟ್ಟಲೆ ಅದನ್ನು ಓದಿದರು, ಇವತ್ತಿಗೂ ಓದುವವರಿದ್ದಾರೆ. ಹ್ಯಾಕನ್‌ಶ್ಮಿಟ್ ಕುಸ್ತಿ ಬಿಟ್ಟ ಮೇಲೆ ತತ್ತ್ವಶಾಸ್ತ್ರದ ಪುಸ್ತಕಗಳನ್ನೂ ಬರೆದರು. ಅವಕ್ಕೆ ಮೊದಲಿನದಕ್ಕೆ ಸಿಕ್ಕಷ್ಟು ಓದುಗರು ಸಿಗಲಿಲ್ಲ. ಜನರಿಗೆ ಬೇಕಾದದ್ದು ಪೈಲ್ವಾನನ ತೋಳು, ಅವನ ತತ್ತ್ವವಲ್ಲ. 1968ರಲ್ಲಿ, ತೊಂಬತ್ತು ದಾಟಿದ ಮೇಲೆ ಲಂಡನ್ನಿನಲ್ಲಿ ತೀರಿಕೊಂಡರು. ಜಿಬಿಸ್ಕೊ ಅವರೂ ತಮ್ಮ ಪೋಲಿಷ್ ಭಾಷೆಯಲ್ಲಿ ನೆನಪುಗಳನ್ನು ಬರೆದಿಟ್ಟರು.

ನಮ್ಮ ಕರ್ನಾಟಕದಲ್ಲೂ ಇಂಥವರಿದ್ದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಅಂಗಸಾಧನೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು, ಕನ್ನಡದಲ್ಲಿ ಶಾಂತಲಾ, ರೂಪದರ್ಶಿ ಕಾದಂಬರಿಗಳನ್ನೂ ಕೊಟ್ಟರು. ಮೈಕಟ್ಟು ಇದ್ದವರಿಗೆ ಅಕ್ಷರ ಒಲಿಯುವುದಿಲ್ಲ ಎಂಬ ಮಾತು ಸುಳ್ಳೆನ್ನಲು ಅವರೊಬ್ಬರು ಸಾಕು.

ಗಾಮಾ ಅವರ ಕಥೆ ಬೇರೆ ದಾರಿ ಹಿಡಿಯಿತು. ಅದನ್ನು ಹೇಳಿದವರು ಪತ್ರಿಕೆಯವರು, ಅಭಿಮಾನಿಗಳು, ಅಖಾಡದ ಶಿಷ್ಯರು. ಲಂಡನ್ನಿನ ಸುದ್ದಿ ಬಂದಾಗ ದೇಶದ ಪತ್ರಿಕೆಗಳು ಅದನ್ನು ಒಬ್ಬ ಪೈಲ್ವಾನನ ಗೆಲುವು ಎನ್ನದೆ ಇಡೀ ದೇಶದ ಗೆಲುವು ಎಂದು ಬರೆದವು. ಗಾಮಾ ಮುಸಲ್ಮಾನರು, ಹಣ ಕೊಟ್ಟವರು ಬಂಗಾಳದ ಹಿಂದೂ, ಆಶ್ರಯ ಕೊಟ್ಟ ಪಟಿಯಾಲದ ರಾಜರು ಸಿಖ್ಖರು. ಹೆಮ್ಮೆ ಎಲ್ಲರದು. ನಮ್ಮ ಕಲಬುರಗಿ ಸೀಮೆ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉರ್ದು ಓದಬಲ್ಲವರ ಬಾಯಿಂದ, ಜಾತ್ರೆಗೆ ಬರುವ ಪರವೂರ ಪೈಲ್ವಾನರ ಬಾಯಿಂದ ಆ ಹೆಸರು ನಮ್ಮ ಹಳ್ಳಿಗಳಿಗೆ ಬಂದಿರಬೇಕು.

ಬಾಯಿಂದ ಬಾಯಿಗೆ ಹೋದ ಕಥೆ ಬೆಳೆಯುತ್ತದೆ. ಗಾಮಾ ದಿನಕ್ಕೆ 5000 ಬಸ್ಕಿ, 3000 ದಂಡ ಹೊಡೆಯುತ್ತಿದ್ದರು ಎಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಇದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಬಸ್ಕಿಗೆ 2 ಸೆಕೆಂಡು ಹಿಡಿದರೆ 5000ಕ್ಕೆ 10,000 ಸೆಕೆಂಡು, ಅಂದರೆ ಎರಡು ಮುಕ್ಕಾಲು ಗಂಟೆ. ಒಂದು ದಂಡಕ್ಕೆ 3 ಸೆಕೆಂಡಾದರೆ 3000ಕ್ಕೆ ಎರಡೂವರೆ ಗಂಟೆ. ಒಟ್ಟು ಐದೂಕಾಲು ಗಂಟೆ. ಬೇರೆ ಕೆಲಸವಿಲ್ಲದೆ, ರಾಜನ ಆಶ್ರಯದಲ್ಲಿ, ಚಿಕ್ಕಂದಿನಿಂದ ಪಳಗಿದ ಪೈಲ್ವಾನನಿಗೆ ಇದು ಆಗದ ಮಾತಲ್ಲ. ಸಂಖ್ಯೆಯಲ್ಲಿ ತುಸು ಉತ್ಪ್ರೇಕ್ಷೆ ಇದ್ದರೂ ದುಡಿಮೆ ಸುಳ್ಳಲ್ಲ. (ಪರೀಕ್ಷೆ ಹತ್ತಿರವಿರುವ ಮಿತ್ರರು ಇದನ್ನು ನಾಳೆ ಬೆಳಗ್ಗೆ ಮಾಡಿ ನೋಡಲು ಹೋಗಬೇಡಿ!)

ಇನ್ನೊಂದು ಕಥೆ ಬರೋಡಾದ ಕಲ್ಲಿನದು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ 1200 ಕೆ.ಜಿ. ತೂಕದ ಕಲ್ಲೊಂದಿದೆ, ಅದನ್ನು ಗಾಮಾ 1902ರಲ್ಲಿ ಎತ್ತಿದರು ಎನ್ನುತ್ತಾರೆ. ಇವತ್ತು ಜಗತ್ತಿನ ಅತಿ ಬಲಶಾಲಿಗಳು, ಕೈಗೆ ಸರಿಯಾಗಿ ಸಿಗುವ ಕಬ್ಬಿಣದ ಸಲಾಕೆ ಹಿಡಿದು, ನೆಲದಿಂದ ಮಂಡಿಯ ಮೇಲಕ್ಕೆ ಎತ್ತುವುದು 500 ಕೆ.ಜಿ.ಯ ಆಸುಪಾಸು. ಅದಕ್ಕಿಂತ ಎರಡು ಪಟ್ಟು ಮೀರಿದ, ಹಿಡಿ ಇಲ್ಲದ ಕಲ್ಲನ್ನು 90 ಕೆ.ಜಿ.ಯ ಮನುಷ್ಯ ಪೂರ್ತಿ ಎತ್ತಿದ ಎಂಬುದನ್ನು ವಿಜ್ಞಾನ ಓದುವ ನಾವು ಹಾಗೇ ಒಪ್ಪುವುದು ಕಷ್ಟ. ಒಂದು ಬದಿ ಕದಲಿಸಿರಬಹುದು, ಹೊರಳಿಸಿರಬಹುದು. ಹಾಗೆ ಮಾಡಿದರೂ ಅದು ಅಸಾಮಾನ್ಯ ಬಲವೇ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಸಂಗ್ರಹಾಲಯದಲ್ಲಿ ಗಾಮಾ ಬಸ್ಕಿ ಹೊಡೆಯುವಾಗ ಕೊರಳಿಗೆ ಹಾಕಿಕೊಳ್ಳುತ್ತಿದ್ದ 95 ಕೆ.ಜಿ.ಯ ಕಲ್ಲಿನ ಬಳೆ ಇದೆ. ಅದು ನಂಬುವ ತೂಕ, ನೋಡಿದರೆ ಬೆವರುವ ತೂಕವೂ ಹೌದು.

ನಾವು ಪ್ರೀತಿಸುವವರ ಬಗ್ಗೆ ಸುಳ್ಳು ಸೇರಿಸಿದರೆ ಅವರಿಗೆ ಲಾಭವಿಲ್ಲ. ಒಂದು ಸುಳ್ಳು ಬಯಲಾದರೆ ಕೇಳುವವರು ನಿಜವನ್ನೂ ಅನುಮಾನಿಸುತ್ತಾರೆ. ಗಾಮಾ ಅವರ ನಿಜವಾದ ಗೆಲುವುಗಳೇ ಬೇಕಾದಷ್ಟಿವೆ.

ಬೀದಿಯ ಬಾಗಿಲಲ್ಲಿ

1947ರಲ್ಲಿ ದೇಶ ಎರಡಾಯಿತು. ಪಂಜಾಬಿನಲ್ಲಿ ರಕ್ತ ಹರಿಯಿತು. ಗಾಮಾ ಆಗ ಲಾಹೋರಿನಲ್ಲಿ ಮೋಹನಿ ರಸ್ತೆಯ ಕಡೆ ನೆಲೆಸಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಅವರ ಬೀದಿಯಲ್ಲಿ ಹಿಂದೂ ಕುಟುಂಬಗಳಿದ್ದವು. ದೊಂಬಿಯ ಗುಂಪು ಅವರ ಮನೆಗಳತ್ತ ಬಂದಾಗ ಗಾಮಾ ತಮ್ಮ ಶಿಷ್ಯರೊಂದಿಗೆ ಅಡ್ಡ ನಿಂತರು ಎಂಬ ಸಂಗತಿಯನ್ನು ಎರಡೂ ದೇಶದ ಜನ ಹೇಳುತ್ತ ಬಂದಿದ್ದಾರೆ. ಮುಂದೆ ಬಂದವನಿಗೆ ಒಂದು ಏಟು ಬಿತ್ತು, ಗುಂಪು ಚದುರಿತು. ಆಮೇಲೆ ಆ ಕುಟುಂಬಗಳಿಗೆ ದಿನಸಿ ಒದಗಿಸಿ, ಗಡಿಯ ಕಡೆಗೆ ಸುರಕ್ಷಿತವಾಗಿ ಕಳುಹಿಸಿಕೊಟ್ಟರು ಎನ್ನುತ್ತಾರೆ.

ಈ ಕುಸ್ತಿಗೆ ಪಟ್ಟಿಯಿಲ್ಲ, ಗದೆಯಿಲ್ಲ, ನಿಮಿಷ ಸೆಕೆಂಡುಗಳ ಲೆಕ್ಕವಿಲ್ಲ. ಆದರೂ ಗಾಮಾ ಅವರ ಜೀವನದಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ಬಹಳ ಜನ ಲಂಡನ್ನನ್ನು ಬಿಟ್ಟು ಈ ಬೀದಿಯನ್ನೇ ತೋರಿಸುತ್ತಾರೆ. ಮೈಬಲ ಇರುವುದು ಯಾತಕ್ಕೆ ಎಂಬ ಪ್ರಶ್ನೆಗೆ ತಾಲೀಮಿನಲ್ಲಿ ಉಸ್ತಾದರು ಹೇಳಿಕೊಡುವ ಉತ್ತರ ಇದೇ: ಬಲ ಇಲ್ಲದವರ ಮುಂದೆ ನಿಲ್ಲುವುದಕ್ಕೆ. ಹಿಂದೂ ಮುಸಲ್ಮಾನ ಎನ್ನದೆ ಒಂದೇ ಕಣದ ಮಣ್ಣು ಹಣೆಗೆ ಹಚ್ಚಿಕೊಂಡು ಬೆಳೆದ ಮನುಷ್ಯನಿಗೆ ನೆರೆಯವನು ಪರಕೀಯ ಎನಿಸಲಿಲ್ಲ.

ಕೊನೆಯ ವರ್ಷಗಳು

ಸಂಸ್ಥಾನಗಳು ಹೋದವು, ರಾಜರ ಆಶ್ರಯ ಹೋಯಿತು. ಹೊಸ ದೇಶದಲ್ಲಿ ಗಾಮಾ ಅವರ ಕೊನೆಯ ದಿನಗಳು ಕಷ್ಟದಲ್ಲಿ ಕಳೆದವು. ಕಾಯಿಲೆ ಬಿಡಲಿಲ್ಲ. ಔಷಧಕ್ಕೆ ಹಣ ಸಾಲುತ್ತಿರಲಿಲ್ಲ. ಪಾಕಿಸ್ತಾನ ಸರ್ಕಾರ ನೆರವು ಕೊಟ್ಟಿತು. ಗಡಿಯ ಈಚೆಯಿಂದ ಕುಸ್ತಿಪ್ರಿಯರಾದ ಉದ್ಯಮಿ ಘನಶ್ಯಾಮದಾಸ್ ಬಿರ್ಲಾ ಹಣ ಕಳುಹಿಸಿದರು ಎಂದು ಅವರ ಜೀವನ ಬರೆದವರು ದಾಖಲಿಸಿದ್ದಾರೆ. ಒಂದು ಕಾಲಕ್ಕೆ ದಿನಕ್ಕೆ ಹತ್ತಾರು ಸೇರು ಹಾಲು ಕುಡಿಯುತ್ತಿದ್ದರೆಂದು ಜನ ಕಥೆ ಕಟ್ಟಿದ ಪೈಲ್ವಾನ, ಕಡೆಗೆ ಪರರ ನೆರವಿನಲ್ಲಿ ದಿನ ದೂಡಬೇಕಾಯಿತು. 1960ರ ಮೇ 23ರಂದು ಲಾಹೋರಿನಲ್ಲಿ ಗಾಮಾ ಕಣ್ಣು ಮುಚ್ಚಿದರು.

ತಮ್ಮ ಇಮಾಮ್ ಬಖ್ಷರ ಮಕ್ಕಳು, ಭೋಲು ಪೈಲ್ವಾನ್ ಮತ್ತು ಅವರ ಸೋದರರು, ಮನೆತನದ ಕುಸ್ತಿಯನ್ನು ಮುಂದುವರಿಸಿದರು. ಗಾಮಾ ತೀರಿಕೊಳ್ಳುವ ಹಿಂದಿನ ವರ್ಷ, 1959ರಲ್ಲಿ, ಭಾರತದಲ್ಲಿ ಮೊದಲ ಹಿಂದ್ ಕೇಸರಿ ಪ್ರಶಸ್ತಿ ಗೆದ್ದವರು ಶ್ರೀಪತಿ ಖಂಚನಾಳೆ. ಅವರು ನಮ್ಮ ಬೆಳಗಾವಿ ಜಿಲ್ಲೆಯ ಯಕ್ಸಂಬಾ ಊರಿನವರು ಎಂಬುದು ನಮಗೆ ಹೆಮ್ಮೆಯ ಮಾತು. ಗಾಮಾ ಅವರ ವ್ಯಾಯಾಮ ಕ್ರಮದ ಬಗ್ಗೆ ಓದಿ ಅದನ್ನು ತನ್ನ ಅಭ್ಯಾಸಕ್ಕೆ ಸೇರಿಸಿಕೊಂಡವರಲ್ಲಿ ಸಿನಿಮಾದ ಬ್ರೂಸ್ ಲೀ ಕೂಡ ಒಬ್ಬರು. ಓದಿದ್ದು ಲೇಖನಗಳಲ್ಲಿ ಎಂಬುದನ್ನು ಮರೆಯಬಾರದು. ಯಾರೋ ಬರೆದಿಟ್ಟಿದ್ದರಿಂದ ಪಂಜಾಬಿನ ಅಖಾಡದ ಸಾಮು ಸಮುದ್ರ ದಾಟಿತು.

ಮಿತ್ರರೇ, ನಮ್ಮ ಊರುಗಳಲ್ಲೂ ಒಂದು ಕಾಲಕ್ಕೆ ಹೆಸರು ಮಾಡಿದ ಪೈಲ್ವಾನರು ಇದ್ದಾರೆ. ಈಗ ಮುಪ್ಪಾಗಿ, ಮಂಡಿ ಹಿಡಿದುಕೊಂಡು, ಹೋಟೆಲಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿರುತ್ತಾರೆ. ಅವರ ಗೆಲುವುಗಳು ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಅವರ ಉಸ್ತಾದರು ಯಾರು, ಯಾವ ಜಾತ್ರೆಯಲ್ಲಿ ಕಡಗ ಗೆದ್ದರು, ಯಾರ ಕೈಯಲ್ಲಿ ಸೋತರು ಎಂಬುದು ಅವರ ಜೊತೆಗೇ ಹೋಗಿಬಿಡುತ್ತದೆ. ಗಾಮಾ ಅವರ ಕಥೆಯನ್ನು ಬರೆಯಲು ನೂರು ಜನ ಬಂದರು. ಇವರಿಗೆ ನಾವೇ ಬರಬೇಕು. ಬರುವ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಮ್ಮೂರಿನ ಒಬ್ಬ ಹಳೆಯ ಪೈಲ್ವಾನರ ಹತ್ತಿರ ಕುಳಿತು ಕೇಳಿರಿ. ಗೆದ್ದದ್ದನ್ನು ಬರೆಯಿರಿ, ಸೋತದ್ದನ್ನೂ ಬರೆಯಿರಿ. ಕಲ್ಲಿನ ತೂಕ ಹೆಚ್ಚು ಮಾಡಬೇಡಿ, ಇದ್ದಷ್ಟೇ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಖಂಡಿತ ಜಾಗವಿರುತ್ತದೆ.